ಅರಗಿನ ಕೆಳಗಿನ ಹೆಸರು

"ಒಲೆ ಪಕ್ಕ ಇಟ್ಟಿದ್ರಿ, ಅಲ್ವಾ?" ಎಂದಳು ಚಿಗುಸಾ.

ಬಾಗಿಲಲ್ಲಿ ನಿಂತವನ ಮುಖಕ್ಕಿಂತ ಮೊದಲು ಅವಳು ನೋಡಿದ್ದು ಅವನ ಕೈಯ ಶಕುಹಾಚಿಯನ್ನು. ಆ ಬಿದಿರ ಕೊಳಲು ಬಿಸಿಗೆ ಒಣಗಿ ಬಾಯಿಂದ ಬುಡದವರೆಗೆ ಸೀಳಿತ್ತು.

ಆಮೇಲೆ ತಲೆಯೆತ್ತಿದಳು. ಸೋಸುಕೆ! ಕೊಳಲು ಮಾಡುತ್ತಿದ್ದ ಅಪ್ಪನ ಬಳಿ ಊದಲು ಕಲಿತ ಶಿಷ್ಯ. ಕೂದಲು ಪೂರ್ತಿ ಬಿಳಿ.

"ಗುರುಗಳನ್ನ ಒಂದು ಮಾತು ಕೇಳಬೇಕಿತ್ತು..."

"ಅಪ್ಪ ಹೋಗಿ ಹನ್ನೊಂದು ವರ್ಷ ಆಯ್ತು. ಒಳಗೆ ಬನ್ನಿ, ಚಳಿ ನುಗ್ತಿದೆ."

ಇಪ್ಪತ್ತೈದು ಚಳಿಗಾಲದ ಹಿಂದೆ ಅವಳು, ಸೋಸುಕೆ ಇಬ್ಬರೇ ಫುಶಿಮಿಯ ಬಿದಿರು ತೋಪಿನಲ್ಲಿ ಹೆಪ್ಪುಗಟ್ಟಿದ ನೆಲ ಅಗೆದು, ಈ ಬಿದಿರನ್ನು ಬೇರುಸಹಿತ ಕಿತ್ತಿದ್ದರು. ಕೆಂಡದ ಮೇಲೆ ಕಾಯಿಸಿ ಅದರ ಎಣ್ಣೆ ಇಳಿಸಿದವಳು ಚಿಗುಸಾ. ಮೂರು ವರ್ಷ ಒಣಗಿಸಿ ಕೊರೆದವಳೂ ಅವಳೇ. ಮಾಡಿದವರ ಗುರುತಾಗಿ ಕಡೆಗೆ ಸುಟ್ಟು ಒತ್ತಿದ ಮುದ್ರೆ ಮಾತ್ರ ಅಪ್ಪನದು. ಆ ಮನೆಯಲ್ಲಿ ಮಗಳಿಗೆ ಮುದ್ರೆ ಎಲ್ಲಿಯದು?

'ಊದಿದರೆ ಸೋಸುಕೆಗೇ ತಿಳಿಯುತ್ತೆ, ಇದು ನನ್ನ ಕೈ ಅಂತ' ಎಂದು ಕಾದಳು.

ಅವನು ಊದಿದ. ನಾಲ್ಕು ಜನರ ಮುಂದೆ ಅಂದ: "ಇದು ಗುರುಗಳ ಕೈ! ಬೇರೆಯವರಿಗೆ ಸಾಧ್ಯವೇ ಇಲ್ಲ. ಚಿಗುಸಾ ಒಳ್ಳೇ ಚಹಾ ಮಾಡ್ತಾಳೆ, ಅಷ್ಟು ಸಾಕು!"

ಎಲ್ಲರೂ ನಕ್ಕರು. ಅಪ್ಪನೂ ನಕ್ಕ.

ಮರುದಿನ ಸೋಸುಕೆ ಮದುವೆಯ ಮಾತೆತ್ತಿದ. "ಆಗಲ್ಲ" ಅಂದಳು. ಕಾರಣ ಹೇಳಲಿಲ್ಲ. ಬರೀ ಊದಿ ಬದುಕುವವನೆಂದು ತನ್ನನ್ನು ಕಡೆಗಣಿಸಿದಳು ಎಂದುಕೊಂಡು ಅವನು ಊರು ಬಿಟ್ಟ.

ಈಗ ನಡುವೆ ಜೋಡಿಸಿದ್ದ ಕೊಳಲಿನ ಎರಡು ತುಂಡನ್ನು ಬಿಡಿಸಿ ಅವಳ ಮುಂದೆ ಹಿಡಿದ.

"ಸೀಳಿದಾಗ ಅರಗು ಉದುರಿತು. ಇಲ್ಲಿ ನೋಡಿ..."

ತುಂಡುಗಳು ಕೂಡುವ ಕಡೆ, ಅರಗಿನ ಕೆಳಗೆ ಸೂಜಿಯಿಂದ ಕೊರೆದ ಹೆಸರು. ಚಿಗುಸಾ.

"ಕಣ್ಣಿಗೆ ಕಂಡ ಮೇಲೆ ಬಂದ್ರಿ" ಎಂದಳು. "ಕಿವಿಗೆ ಕೇಳಿಸಿದ್ದಿದ್ರೆ ಅವತ್ತೇ ಬರ್ತಿದ್ರಿ."

ಅವನು ಚಾಪೆಗೆ ಹಣೆ ಹಚ್ಚಿದ. "ಒಂದು ಮಾತು ಹೇಳಬಹುದಿತ್ತಲ್ಲ..."

"ಕೇಳಿ ಪಡ್ಕೊಳ್ಳೋ ಹೆಸರು ನಂಗೆ ಬೇಡವಾಗಿತ್ತು."

'ಆ ಹಟದಲ್ಲೇ ನನ್ನ ಆಯಸ್ಸೂ ಒಣಗಿತಲ್ಲ...' ಎಂದು ಮನಸ್ಸಿನಲ್ಲೇ ಅಂದುಕೊಂಡಳು.

"ನಾನು ಮದುವೆ ಆಗ್ಲಿಲ್ಲ, ಚಿಗುಸಾ."

"ನಾನು ಕೇಳ್ಲಿಲ್ಲ."

ಅವನು ಸೀಳಿದ ಬಿದಿರನ್ನೇ ತುಟಿಗಿಟ್ಟು ನೋಡಿದ. ನಾದ ಹುಟ್ಟಲಿಲ್ಲ. ಬರೀ ಉಸಿರು ಸೋರಿತು. ಆ ಉಸಿರಿಗೇ ಅವಳ ಕಣ್ಣು ತುಂಬಿತು. ಮುಖ ತಿರುಗಿಸಿ ದಾರದ ಉಂಡೆ ತೆಗೆದಳು.

"ಕಟ್ಟಿದ್ರೆ ಊದಬಹುದಾ?" ಸೋಸುಕೆ ಕೇಳಿದ.

"ಊದಬಹುದು. ಮೊದಲಿನ ನಾದ ಬರಲ್ಲ."

"ಬಂದಷ್ಟು ಸಾಕು."

ಚಿಗುಸಾ ದಾರದ ಒಂದು ತುದಿಯನ್ನು ಅವನ ಬೆರಳಿಗೆ ಕೊಟ್ಟಳು.

"ಹಿಡ್ಕೋ. ಸಡಿಲ ಬಿಟ್ರೆ ಮತ್ತೆ ಸೀಳುತ್ತೆ."

"ಎಷ್ಟು ಹೊತ್ತು ಹಿಡೀಬೇಕು?"

"ಇಷ್ಟು ವರ್ಷ ಕಾದಾಗ, ಎಷ್ಟು ಹೊತ್ತು ಅಂತ ನಾನು ಯಾರನ್ನ ಕೇಳಿದ್ದೆ?"

ಸೋಸುಕೆ ದಾರದ ತುದಿಯನ್ನು ಬೆರಳಿಗೆ ಸುತ್ತಿ ಹಿಡಿದುಕೊಂಡ.