ಬೋರಲು ಹಂಡೆ

“ಅದಕ ಕೈ ಹಚ್ಚಬ್ಯಾಡ ಉಮಾ. ಬೋರಲ ಇಟ್ಟದ್ದು ಬೋರಲೇ ಇರಲಿ.”

ಅತ್ತೆ ಗಿರಿಜಾಬಾಯಿಯ ಮಾತಿಗೆ ಉಮಾಬಾಯಿ ನಕ್ಕುಬಿಟ್ಟಳು. ಸೊಲ್ಲಾಪುರದಲ್ಲಿ ಹುಟ್ಟಿ ಬೆಳೆದವಳು. ಗಂಡನಿಗೆ ನಿಲಂಗಾದ ಶಾಲೆಯಲ್ಲಿ ಕೆಲಸ ಸಿಕ್ಕಿತೆಂದು ಪುಟ್ಟ ಮಗಳು ಶಿವಕಾಂತಾಳನ್ನು ಕಟ್ಟಿಕೊಂಡು ಹತ್ತಿರದ ವಲಾಂಡಿ ಹಳ್ಳಿಯ, ಅತ್ತೆಯ ಈ ಮಣ್ಣಿನ ಮನೆಗೆ ಬಂದು ತಿಂಗಳಾಗಿತ್ತಷ್ಟೆ. ಅಂಗಳದ ಮೂಲೆಯಲ್ಲಿ ಕಿಲುಬು ಹಿಡಿದು ಬಿದ್ದಿದ್ದ ಹಿತ್ತಾಳೆ ಹಂಡೆಯ ಹೊಟ್ಟೆಗೆ ಬಳ್ಳಿಯ ಕೆತ್ತನೆಯಿತ್ತು. ಸೊಲ್ಲಾಪುರದ ಮಿಲ್ ಮ್ಯಾನೇಜರರ ಬಂಗಲೆಯಲ್ಲಿ ಇಂಥ ಹಳೆಯ ಹಂಡೆಗಳಲ್ಲೇ ಬಣ್ಣದೆಲೆಯ ಕ್ರೋಟನ್ ಬೆಳೆಸಿದ್ದನ್ನು ಅವಳು ಆಸೆಗಣ್ಣಿನಿಂದ ನೋಡಿದ್ದಳು.

“ಆ ರಜಾಕಾರರ ಗದ್ದಲದ ವರ್ಷ ಕುರಿ ಕಾಯೋ ಮಾಣಿಕಮ್ಮ ಕೂಸು ಎತ್ಕೊಂಡು ಬಂದು ನೀರು ಕೇಳಿದಳವ್ವಾ. ಹಂಡಿ ತುಂಬಾ ನೀರಿದ್ರೂ ನಿಮ್ಮ ಮಾವ ಬಾಗಿಲಾ ಹಾಕಿದ್ರು. ಕೂಸು ಬಾಗಿಲದಾಗೇ ಸತ್ತಿತು. ಆಕಿ ಹಂಡಿಗಿ ಮಾಟ ಮಾಡಿದಳು. ವರ್ಷಾ ವರ್ಷಾ ಇದೇ ಹಂಡಿ ತುಂಬಿಸಿ ನಮ್ಮವರಿಗಿ ಕುಡಿಸ್ರಿ, ಇಲ್ಲಾಂದ್ರ ನಿಮ್ಮ ಮನಿ ಕೂಸಿನ ನೀರಡಿಕಿ ಆರಂಗಿಲ್ಲ ಅಂದಳು. ಮೊದಲನೇ ವರ್ಷ ನಾವು ಕುಡಿಸಲಿಲ್ಲ, ನನ್ನ ಸಣ್ಣ ಮಗ ನೀರು ನೀರು ಅಂತನೇ ಹೋದ. ಆಮ್ಯಾಲಿಂದ ತಪ್ಪದ ಕುಡಸ್ತೀವಿ, ಆಕಿ ಕುರಿ ಬರೋತನಕ ಅದರ ಬಾಯಿ ಮ್ಯಾಲ ಆಗಬಾರದು.”

“ನಿಜಾಮ ಹೋದ, ನಿಮ್ಮ ಅಂಜಿಕಿ ಹೋಗಲಿಲ್ಲ ನೋಡ್ರಿ ಅತ್ತಿ!”

ಗಿರಿಜಾಬಾಯಿ ಉದಗೀರದ ಮದುವೆಗೆ ಹೋದದ್ದೇ ತಡ, ಉಮಾಬಾಯಿ ಹುಣಸೆಹಣ್ಣು ಹಚ್ಚಿ ಹಂಡೆಯನ್ನು ಬೆಳಗಿದಳು. ನೀರು ನಿಂತರೆ ಬೇರು ಕೊಳೆಯುತ್ತದೆಂದು, ಪಾತ್ರೆ ರಿಪೇರಿಯವನನ್ನು ಕರೆಸಿ ತಳಕ್ಕೆ ಬೆರಳು ಗಾತ್ರದ ತೂತು ಹೊಡೆಸಿದಳು. ಮಣ್ಣು ತುಂಬಿ ಕ್ರೋಟನ್ ನೆಟ್ಟು ಬಾಗಿಲ ಪಕ್ಕ ಇಟ್ಟಾಗ ಅವಳಿಗೆ ಹಿಗ್ಗೋ ಹಿಗ್ಗು. ಮನೆಗೆ ಕಳೆಯೂ ಬಂದಿತ್ತು, ಸುಳ್ಳೇಕೆ ಹೇಳಬೇಕು.

ಎರಡು ಕೊಡ ನೀರು ಹಾಕಿದರೂ ತೂತಿನಿಂದ ಒಂದು ಹನಿ ಹೊರಬರಲಿಲ್ಲ. ಮುಂಜಾನೆ ಮುಟ್ಟಿದರೆ ಮಣ್ಣು ಒಲೆಯ ಬೂದಿಯಂತೆ ಒಣಗಿತ್ತು. ಎಲೆಗಳು ಮಾತ್ರ ಕಪ್ಪಗೆ ಕೊಬ್ಬುತ್ತಿದ್ದವು. ಪಡಸಾಲೆಯ ತುಂಬ ತೊಯ್ದ ಉಣ್ಣೆಯ ಮುಗ್ಗಲು ವಾಸನೆ. ಮುಚ್ಚಂಜೆಯ ಕತ್ತಲಲ್ಲಿ ಹಂಡೆಯ ಹೊಟ್ಟೆಯೊಳಗೆ ಯಾರೋ ನೀರು ನುಂಗುವ ಸದ್ದು. ಗುಟುಕ್. ಗುಟುಕ್. ಇಲಿ ಇರಬೇಕೆಂದು ತನಗೆ ತಾನೇ ಹೇಳಿಕೊಂಡಳು.

“ಅವ್ವಾ, ನೀರು,” ಅಂದಳು ಶಿವಕಾಂತಾ. ಒಂದು ಚೆಂಬು ಕುಡಿದಳು. ಮತ್ತೊಂದು. ಹೊಟ್ಟೆ ಉಬ್ಬಿತು, ತುಟಿ ಬಿರಿಯಿತು, ನಾಲಿಗೆ ಕರ್ರಗಾಯಿತು. ಗಂಡ ನಿಲಂಗಾದಿಂದ ಡಾಕ್ಟರರನ್ನು ಕರೆತಂದ. ಸೂಜಿ ಚುಚ್ಚಿಯೂ ಗುಣ ಕಾಣಲಿಲ್ಲ. “ಅವ್ವಾ, ನೀರು.” ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಉಮಾಬಾಯಿ ಗಿಡ ಕಿತ್ತೆಸೆದು ಮಣ್ಣು ಸುರಿದಳು.

ಮದುವೆಯಿಂದ ಮರಳಿದ ಗಿರಿಜಾಬಾಯಿ ತಳದ ತೂತು ನೋಡಿ ಕುಸಿದು ಕೂತಳು. “ಇನ್ನ ಇದು ತುಂಬೂದು ಹ್ಯಾಂಗವ್ವಾ?”

ಬೆಸುಗೆ ಹಾಕಿಸಿದರು, ಉದುರಿತು. ಅರಗು ಮೆತ್ತಿದರು, ಕಳಚಿತು. ಅಷ್ಟರಲ್ಲಿ ಹೊಲದ ಕಡೆಯಿಂದ ಕುರಿಗಳ ಗಂಟೆ ಕೇಳಿತು. ಉರಿಬಿಸಿಲಿನಲ್ಲಿ ಕಂಬಳಿ ಹೊದ್ದ ಮಾಣಿಕಮ್ಮ ತನ್ನವರೊಂದಿಗೆ ಬಂದು ನಿಂತಳು. ಬೊಗಸೆ ಒಡ್ಡಿದಳು.

ಮೂರು ಕಲ್ಲಿನ ಮೇಲೆ ಹಂಡೆ ಇಟ್ಟು ಕೊಡ ಬಗ್ಗಿಸಿದರು. ಸೋರಿತು. ಇನ್ನೊಂದು ಕೊಡ. ಸೋರಿತು. ಮನೆಯೊಳಗೆ ಶಿವಕಾಂತಾಳ ದನಿ ನಿಂತಿತು. ಉಸಿರು ಮಾತ್ರ. ಅದೂ ಕ್ಷೀಣ. ಉಮಾಬಾಯಿ ನೆಲಕ್ಕೆ ಬಿದ್ದಳು. ತೆವಳಿದಳು. ಹಂಡೆಯಡಿ ಕೈ ಚಾಚಿದಳು. ತೂತಿಗೆ ತೋರುಬೆರಳು ತುರುಕಿದಳು. ನೀರು ನಿಂತಿತು.

ಹಂಡೆಯೊಳಗಿನಿಂದ ಒಂದು ಎಳೆಯ ಬಾಯಿ, ಹಲ್ಲಿಲ್ಲದ ಒಸಡು, ಬೆರಳನ್ನು ಕಚ್ಚಿ ಹೀರತೊಡಗಿತು.

“ಸುರೀರಿ ಅತ್ತಿ! ಸುರೀರಿ!”

ಹಂಡೆ ತುಂಬಿತು. ಮಾಣಿಕಮ್ಮ ಕುಡಿದಳು. ಅವಳವರೆಲ್ಲ ಕುಡಿದರು. ಉಮಾಬಾಯಿ ಚೀರುತ್ತಲೇ ಇದ್ದಳು, ಬೆರಳು ತೆಗೆಯಲಿಲ್ಲ.

ತೆಗೆದಾಗ ಅದು ಒಣ ತೊಗರಿ ಕಡ್ಡಿಯಾಗಿತ್ತು, ಮುಟ್ಟಿದರೆ ಮುರಿಯಿತು. ರಕ್ತ ಬರಲಿಲ್ಲ. ಮನೆಯೊಳಗೆ ಶಿವಕಾಂತಾ ನೆಮ್ಮದಿಯಿಂದ ನಿದ್ದೆ ಹೋಗಿದ್ದಳು.

“ಮುಂದಿನ ವರ್ಷ ನನ್ನ ಬೆರಳು ಇಡ್ತೀನಿ ತಾಯಿ,” ಗಿರಿಜಾಬಾಯಿ ಸೊಸೆಯನ್ನು ತಬ್ಬಿಕೊಂಡು ಅತ್ತಳು.

“ನಡಿಯಂಗಿಲ್ರೀ.” ಮಾಣಿಕಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು. “ನನ್ನ ಕೂಸು ಈಕಿ ಕೈ ಹಿಡಿದದ. ಬ್ಯಾರೇದವರದು ಹಿಡಿಯಂಗಿಲ್ಲ.”

ಸಂಜೆ ಶಿವಕಾಂತಾ ಎದ್ದು ಕೂತು, “ಅವ್ವಾ, ಹಸಿವಾಗ್ಯಾದ,” ಅಂದಳು. ಉಮಾಬಾಯಿ ಸಂತೋಷಕ್ಕೆ ಅತ್ತುಬಿಟ್ಟಳು. ಒಲೆ ಹೊತ್ತಿಸಿ ಜೋಳದ ಹಿಟ್ಟು ನಾದಿದಳು. ರೊಟ್ಟಿ ತಟ್ಟುವಾಗ, ಬೇಡಬೇಡವೆಂದರೂ, ಉಳಿದ ಬೆರಳುಗಳನ್ನು ಎಣಿಸಿದಳು.