ಇಳಿದುಬಿಟ್ಟ ತೋಳು

"ಈ ತೋಳು ಇಳಿದಿದ್ದು ಯಾವಾಗಮ್ಮ?" ಎಂದು ಡೈರೆಕ್ಟರ್ ಕೇಳಿದಾಗ ಎಡಿಟಿಂಗ್ ರೂಮಿನಲ್ಲಿದ್ದವರೆಲ್ಲ ಅವಳ ಕಡೆ ತಿರುಗಿದರು.

ಪರದೆಯ ಮೇಲೆ, ಮಾವನನ್ನು ಕೊಂದ ಅಳಿಯ ಕೂತಿದ್ದ. ಮೊದಲ ಶಾಟಿನಲ್ಲಿ ಅವನ ಅಂಗಿಯ ತೋಳು ಮೊಣಕೈವರೆಗೆ ಮಡಚಿತ್ತು. ಮುಂದಿನದರಲ್ಲಿ ಪೂರ್ತಿ ಇಳಿದು, ಗುಂಡಿಯೂ ಹಾಕಿತ್ತು. ಇಂಥದ್ದು ಆಗದಂತೆ ನೋಡಿಕೊಳ್ಳುವುದೇ ಅವಳ ಕೆಲಸ. ಒಂದು ಶಾಟಿನಲ್ಲಿ ಅರ್ಧ ಲೋಟ ಟೀ ಇದ್ದರೆ ಮುಂದಿನದರಲ್ಲೂ ಅರ್ಧವೇ ಇರಬೇಕು. ಅವಳ ಕಣ್ಣು ತಪ್ಪಿಸಿ ನೊಣವೂ ಜಾಗ ಬದಲಿಸುವುದಿಲ್ಲ ಎಂದು ಯೂನಿಟ್ಟಿನವರು ತಮಾಷೆ ಮಾಡುತ್ತಿದ್ದರು. ಅಂಥವಳು ಇಷ್ಟುದ್ದದ ತೋಳನ್ನು ನೋಡಿರಲಿಲ್ಲ.

"ಸೆಟ್ ಬಿಚ್ಚಿ ಆಯ್ತು, ನಟ ಊರಲ್ಲಿಲ್ಲ, ಇದು ಕೊನೇ ಎಪಿಸೋಡು." ಡೈರೆಕ್ಟರ್ ತಲೆಯ ಮೇಲೆ ಕೈ ಹೊತ್ತರು. "ಮುಂದಿನ ಸೀರಿಯಲ್‌ಗೆ ನಿನ್ನನ್ನ ಹೇಗಮ್ಮ ಕರೀಲಿ?"

ಅವಳಿಗೆ ನಿಜ ಹೇಳುವ ಹಾಗಿರಲಿಲ್ಲ.

ಆ ಶಾಟ್ ನಡೆಯುವಾಗ ಅವಳು ಬರಹಗಾರನನ್ನು ನೋಡುತ್ತಿದ್ದಳು. ಅವನು ಬರೆದ ಈ ಸೀರಿಯಲ್‌ನಲ್ಲಿ ಕೊಲೆ ಪತ್ತೆ ಮಾಡುವುದು ಪೊಲೀಸರಲ್ಲ, ಬಟ್ಟೆ ಹೊಲಿಯುವ ಒಬ್ಬ ಅಜ್ಜಿ. ಬಿಚ್ಚಿದ ಹೊಲಿಗೆಯೊಂದನ್ನು ನೋಡಿಯೇ ಸುಳ್ಳುಗಾರರನ್ನು ಹಿಡಿಯುವಾಕೆ. ಅಂದು ಅವನು ಕ್ಯಾಮೆರಾದ ಹಿಂದೆ ಕೂತು, ಅಜ್ಜಿಯ ಮಾತುಗಳಿಗೆ ತುಟಿ ಅಲ್ಲಾಡಿಸುತ್ತಿದ್ದ. ಕುತ್ತಿಗೆ ಮುಂದೆ ಚಾಚಿ, ಹುಬ್ಬೇರಿಸಿ, ಥೇಟ್ ಅಜ್ಜಿಯೇ ಆಗಿಬಿಟ್ಟಿದ್ದ. ಅಯ್ಯೋ, ನನಗೆ ಇವನ ಮೇಲೆ ಪ್ರೀತಿಯಾಗಿಬಿಟ್ಟಿದೆಯಲ್ಲ ಎಂದು ಅವಳಿಗೆ ಹೊಳೆದದ್ದು ಆಗಲೇ. ತೋಳು ಇಳಿದದ್ದೂ ಆಗಲೇ.

"ತೋಳು ಹಾಗೇ ಇರ್ಲಿ ಸರ್," ಎಂದು ಬರಹಗಾರ ಮೂಲೆಯಿಂದ ಎದ್ದ. "ಅಜ್ಜಿ ಹತ್ರ ಒಂದು ಮಾತು ಹೇಳಿಸೋಣ. 'ನಾನು ಬಂದಾಗ ತೋಳು ಮೇಲಿತ್ತಲ್ಲಪ್ಪ. ಮಾವ ಪರಚಿದ ಗಾಯದ ಮಾತು ಎತ್ತಿದ ಕೂಡ್ಲೆ ಯಾಕೆ ಇಳಿಸಿದೆ?' ಅಜ್ಜಿ ಮುಖ ತೋರಿಸೋದು ಬೇಡ, ಧ್ವನಿ ಸಾಕು."

ಡೈರೆಕ್ಟರ್ ಎರಡೂ ಶಾಟುಗಳನ್ನು ಮತ್ತೆ ಹಾಕಿಸಿ ನೋಡಿದರು. ಅಳಿಯ ಮೊದಲಿಗಿಂತ ಚೆನ್ನಾಗಿ ಸಿಕ್ಕಿಬಿದ್ದಿದ್ದ. "ಬಚಾವಾದೆ ಕಣಮ್ಮ," ಎಂದರು.

ಕೆಲಸವೇನೋ ಉಳಿಯಿತು. ಆದರೆ ಈ ದಿನ ಕಳೆದರೆ ಬರಹಗಾರನ ದಾರಿ ಬೇರೆ, ಅವಳ ದಾರಿ ಬೇರೆ. ಹೊರಗಿನ ಮೆಟ್ಟಿಲ ಮೇಲೆ ಕೂತು ಅವಳು ಅದನ್ನೇ ಯೋಚಿಸುತ್ತಿದ್ದಾಗ ಅವನು ಟೀ ಹಿಡಿದು ಬಂದ.

"ಅಳಿಯನ ಕೇಸ್ ಮುಗೀತು. ನಿಮ್ಮದು ಬಾಕಿ ಇದೆ," ಎಂದ. "ಆವತ್ತು ಎಲ್ಲಿ ನೋಡ್ತಿದ್ರಿ?"

ತಲೆನೋವಿತ್ತು ಎನ್ನಬಹುದಿತ್ತು. ಹಾಗೆಂದಿದ್ದರೆ ಅವನು ತಲೆಯಾಡಿಸಿ ಹೊರಟುಹೋಗುತ್ತಿದ್ದ.

"ಇಷ್ಟು ಕೊಲೆಗಾರರನ್ನ ಹಿಡಿದಿದ್ದೀರಿ, ನೀವೇ ಹೇಳಿ," ಎಂದಳು.

ಅವನು ಕಣ್ಣು ತಪ್ಪಿಸಿದ. ಕಿವಿ ಕೆಂಪಾಗಿತ್ತು. "ಅಜ್ಜಿ ಊಹೆ ಯಾವತ್ತೂ ತಪ್ಪಲ್ಲ, ಉತ್ತರ ನಾನೇ ಬರೆದಿರ್ತೀನಲ್ಲ. ನನಗೂ ಒಂದು ಊಹೆ ಇದೆ. ಅದು ನಿಜ ಆಗ್ಲಿ ಅಂತ ತುಂಬಾ ಆಸೆ. ಅದಕ್ಕೇ ನಂಬೋಕೆ ಭಯ."

ಅವಳಿಗೆ ನಗು ಬಂತು, ಕಣ್ಣೂ ತುಂಬಿತು.

"ನಿಮ್ಮನ್ನೇ ನೋಡ್ತಿದ್ದೆ," ಎಂದಳು. "ನಾಳೆ ಯಾರನ್ನ ನೋಡ್ಲಿ ಅಂತ ಕೂತಿದ್ದೆ."

ಅವನು ಟೀ ಲೋಟವನ್ನು ಅವಳ ಕೈಗೆ ಕೊಟ್ಟ. ಆಮೇಲೆ ಅವಳ ಪಕ್ಕದಲ್ಲಿ ಕೂತ.