ಕಂಬದ ಮೇಲಿನ ಅಂಟು

ಡಿಸೆಂಬರ್ 18ರ ಸೋಮವಾರ ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಬುಸಾನ್ ಬಂದರಿನ ಎದುರಿನ ಪೊಲೀಸ್ ಠಾಣೆಯ ಮುಂದೆ ಒಂದು ಟ್ಯಾಕ್ಸಿ ನಿಂತಿತು. ಹಿಂದಿನ ಬಾಗಿಲಿನಿಂದ ಮೊದಲು ಒಂದು ಜೊತೆ ಊರುಗೋಲು ಹೊರಬಂದವು. ಆಮೇಲೆ ಬಲಗಾಲಿಗೆ ಉಕ್ಕಿನ ಸರಳುಗಳ ಚೌಕಟ್ಟು ಕಟ್ಟಿಸಿಕೊಂಡಿದ್ದ, ಐವತ್ತರ ಆಚೀಚಿನ ಹೆಂಗಸೊಬ್ಬಳು ಇಳಿದಳು. ಕಾನ್‌ಸ್ಟೇಬಲ್ ಬ್ಯೊನ್ ಓಡಿಹೋಗಿ ಕೈ ಚಾಚಿದ.

"ಕೈ ಬೇಡ ತಮ್ಮಾ, ಕುರ್ಚಿ ತಗೊಂಡ್ಬಾ," ಎಂದಳು ಆಕೆ. "ನನ್ ಜೊತೆ ನೀನೂ ಬಿದ್ರೆ ಎತ್ತೋರು ಯಾರು?"

ಹೆಸರು ಪ್ಯೊ ಉನ್‌ಸಿಲ್. ನಗರಸಭೆಯ ಈಜುಕೊಳದಲ್ಲಿ ವಯಸ್ಸಾದ ಹೆಂಗಸರಿಗೆ ಈಜು ಹೇಳಿಕೊಡುವ ಕೆಲಸ. ಇನ್ಸ್‌ಪೆಕ್ಟರ್ ನಾಮ್‌ಗುಂಗ್ ಹೀ ಆಕೆಯ ಮುಂದೆ ಬಾರ್ಲಿ ಚಹಾದ ಲೋಟ ಇಟ್ಟು ಹೇಳಿಕೆ ಬರೆದುಕೊಳ್ಳಲು ಕೂತಳು.

"ಯಾವಾಗ ಆಗಿದ್ದು?"

"ನವೆಂಬರ್ ಏಳು, ಮಂಗಳವಾರ. ಬೆಳಿಗ್ಗೆ ಏಳೂವರೆ ದಾಟಿತ್ತು."

"ಇಷ್ಟು ದಿನ ಯಾಕೆ ದೂರು ಕೊಡ್ಲಿಲ್ಲ?"

"ಮೊದ್ಲು ಪ್ರಜ್ಞೆ ಇರ್ಲಿಲ್ಲ. ಆಮೇಲೆ ಕೋಪ ಇರ್ಲಿಲ್ಲ. ಈಗ ಬಂದಿದೆ."

ಆಕೆ ಇದ್ದದ್ದು ಗುಡ್ಡದ ಇಳಿಜಾರಿನ ಐದು ಮಹಡಿಯ ಹಳೆಯ ಕಟ್ಟಡದಲ್ಲಿ. ಜಾಗ ಸಾಲದೆ ಅಲ್ಲಿ ಕಾರುಗಳನ್ನು ಎರಡು ಅಂತಸ್ತಿನಲ್ಲಿ ನಿಲ್ಲಿಸುವ ಯಂತ್ರ ಹಾಕಿದ್ದರು. ಪ್ರತಿ ಕಾರಿಗೂ ಒಂದು ಉಕ್ಕಿನ ತಟ್ಟೆ. ಗುಂಡಿ ಒತ್ತಿದರೆ ಕೆಳಗಿನ ತಟ್ಟೆಗಳು ಪಕ್ಕಕ್ಕೆ ಸರಿದು ಮೇಲಿನದು ಇಳಿದು ಬರುತ್ತದೆ. ಅಂದು ಉನ್‌ಸಿಲ್ ಕೆಳಗಿನ ತಟ್ಟೆಯಲ್ಲಿದ್ದ ತನ್ನ ಕಾರಿನ ಹಿಂಬದಿಯಲ್ಲಿ ಬಗ್ಗಿ ಈಜುಹಲಗೆಗಳ ಚೀಲ ತೆಗೆಯುತ್ತಿದ್ದಳು. ಇದ್ದಕ್ಕಿದ್ದಂತೆ ತಟ್ಟೆ ಸರಿಯಿತು. ಕಾಲು ತಟ್ಟೆಗೂ ಕಂಬಕ್ಕೂ ನಡುವೆ ಸಿಕ್ಕಿತು. ಮೊಣಕಾಲಿನ ಕೆಳಗಿನ ಎರಡೂ ಮೂಳೆ ಮುರಿದವು, ಸೊಂಟದ ಮೂಳೆಯೂ ಬಿರಿಯಿತು.

"ವಿಮೆಯವರು ಏನಂತಾರೆ?"

"ಮಿಷನ್ ಓಡ್ತಿರೋವಾಗ ಅಡ್ಡ ಕಟ್ಟಿರೋ ಸರಪಳಿ ದಾಟಿ ನಾನೇ ಒಳಗೆ ನುಗ್ಗಿದ್ನಂತೆ. ತಪ್ಪು ನಂದೇ, ಪರಿಹಾರ ಇಲ್ಲ. ಜನವರಿ ಹತ್ತರೊಳಗೆ ಬೇರೆ ಪುರಾವೆ ತಂದ್ರೆ ನೋಡ್ತಾರಂತೆ." ಉನ್‌ಸಿಲ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಂಗೆ ಪರಿಹಾರದ ದುಡ್ಡು ಬೇಕು ಮೇಡಂ, ಅದ್ರಲ್ಲಿ ಮುಚ್ಚುಮರೆ ಏನಿಲ್ಲ. ಇನ್ನೊಂದು ವರ್ಷ ನೀರಿಗಿಳಿಯೋ ಹಾಗಿಲ್ಲ ಅಂದಿದಾರೆ ಡಾಕ್ಟ್ರು. ಆದ್ರೆ ನಿದ್ದೆ ಕೆಡಿಸ್ತಿರೋದು ಅದಲ್ಲ. ಅವ್ರು ಅಷ್ಟು ಖಂಡಿತವಾಗಿ ಹೇಳ್ತಾರಲ್ಲ, ಒಂದೊಂದ್ಸಲ ನಂಗೇ ಅನುಮಾನ ಬರತ್ತೆ. ನಾನೇ ನುಗ್ಗಿದ್ನಾ ಅಂತ."

ನಿರ್ಲಕ್ಷ್ಯದಿಂದ ತೀವ್ರ ಗಾಯ, ಆರೋಪಿ ಅಪರಿಚಿತ ಎಂದು ಎಫ್‌ಐಆರ್ ದಾಖಲಾಯಿತು.

ಅದೇ ದಿನ ಮಧ್ಯಾಹ್ನ ಇನ್ಸ್‌ಪೆಕ್ಟರ್ ಸ್ಥಳಕ್ಕೆ ಹೋದಳು. ಅಂದು ಗುಂಡಿ ಒತ್ತಿದವಳು ಮೂರನೇ ಮಹಡಿಯ ಸೊನ್ ಯುರಿಮ್, ಪ್ರಾಥಮಿಕ ಶಾಲೆಯ ಸಂಗೀತ ಶಿಕ್ಷಕಿ. ಆ ವಿಷಯವನ್ನು ಆಕೆ ಮೊದಲ ದಿನವೇ ಹೇಳಿದ್ದಳು. ಈಗಲೂ ಅದನ್ನೇ ಹೇಳಿದಳು, ಉಗುರು ಕಚ್ಚುತ್ತ.

"ಒತ್ತೋ ಮುಂಚೆ ಒಳಗೆ ನೋಡಿದ್ರಾ?"

"ನೋಡ್ದೆ. ಕಾರುಗಳು ಮಾತ್ರ ಕಂಡ್ವು. ಅಕ್ಕ ಬಗ್ಗಿದ್ರೇನೋ."

"ಕೂಗಿ ಕೇಳಿದ್ರಾ?"

"ಇಲ್ಲ. ಒಳಗೆ ಜನ ಇದ್ರೆ ಅದು ಶುರುವಾಗೋದೇ ಇಲ್ಲ ಮೇಡಂ. ಸೆನ್ಸರ್ ಇದೆ."

ಸೆನ್ಸರ್ ಇತ್ತು. ಯಂತ್ರದ ಬಾಯಿಯ ಬಲಗಡೆಯ ಕಂಬದಲ್ಲಿ ಮೊಣಕಾಲೆತ್ತರಕ್ಕೆ ಒಂದು ಕಣ್ಣು. ಒಳಗೆ ಹಿಂದಿನ ಮೂಲೆಯಲ್ಲಿ ಒಂದು ಸಣ್ಣ ಕನ್ನಡಿ. ಕಣ್ಣಿನಿಂದ ಹೊರಟ ಬೆಳಕು ಕನ್ನಡಿಗೆ ಬಡಿದು ವಾಪಸ್ ಬಂದರೆ ಒಳಗೆ ಯಾರೂ ಇಲ್ಲ ಎಂದು ಅರ್ಥ. ಬೆಳಕಿಗೆ ಎಲ್ಲಾದರೂ ತಡೆಯಾದರೆ ಯಂತ್ರ ಅಲ್ಲಾಡುವುದಿಲ್ಲ. ನಿರ್ವಹಣೆಯ ಕಂಪನಿಯಿಂದ ಬಂದ ಮೆಕ್ಯಾನಿಕ್ ಬ್ಯೊನ್‌ನನ್ನು ಒಳಗೆ ಬಗ್ಗಿಸಿ ನಿಲ್ಲಿಸಿ ಗುಂಡಿ ಒತ್ತಿದ. ಯಂತ್ರ ಕದಲಲಿಲ್ಲ.

"ಆಕ್ಸಿಡೆಂಟ್ ದಿನ ಸಂಜೇನೂ ಹೀಗೇ ಚೆನ್ನಾಗಿತ್ತು ಮೇಡಂ. ನಾನೇ ಬಂದು ನೋಡಿದ್ದು," ಎಂದ.

ವಾಪಸ್ ಬರುವಾಗ ಬ್ಯೊನ್ ಹೇಳಿದ, "ಇಬ್ಬರಲ್ಲಿ ಒಬ್ರು ಸುಳ್ಳು ಹೇಳ್ತಿದಾರೆ ಮೇಡಂ."

"ಇಬ್ಬರ ಮುಖಾನೂ ನೋಡ್ದೆಯಲ್ಲ. ಯಾರು?"



ಮಾರನೆಯ ದಿನ ಬೆಳಗಿನ ಆರಕ್ಕೆ, ಯಂತ್ರದ ಬಳಕೆ ಹೇಗಿರುತ್ತದೆಂದು ನೋಡಿ ಬರಲು ಇನ್ಸ್‌ಪೆಕ್ಟರ್ ಬ್ಯೊನ್‌ನನ್ನು ಕಳಿಸಿದಳು. ಎಂಟಕ್ಕೆ ಅವನು ಠಾಣೆಯ ಎದುರಿನ ಅಂಗಡಿಯಲ್ಲಿ ಆಕೆಯ ಜೊತೆ ಕೂತು ಬಿಸಿ ಹುರುಳಿಮೊಳಕೆ ಸಾರಿಗೆ ಅನ್ನ ಕಲಸಿಕೊಳ್ಳುತ್ತ ವರದಿ ಒಪ್ಪಿಸಿದ.

"ಬೆಳಿಗ್ಗೆ ಮಿಷನ್ ನಿಂತುಬಿಟ್ಟಿತ್ತು ಮೇಡಂ. ಒಳಗೆ ಯಾರೂ ಇಲ್ದಿದ್ರೂ ಇದಾರೆ ಅಂತ ತೋರಿಸ್ತಿತ್ತು. ನಾಲ್ಕನೇ ಮಹಡಿ ಬಾಂಗ್ ಅಂತ ಒಬ್ರು, ಕಟ್ಟಡದ ಕಾರ್ಯದರ್ಶಿ. ಹೆಂಡ್ತೀನ ಗಾಲಿಕುರ್ಚೀಲಿ ಕೂರಿಸ್ಕೊಂಡು ನಿಂತಿದ್ರು, ಡಯಾಲಿಸಿಸ್‌ಗೆ ಹೋಗ್ಬೇಕಂತೆ. ಸಮುದ್ರದ ಉಪ್ಪುಗಾಳಿಗೆ ಸೆನ್ಸರ್ ಕಣ್ಣಿಗೆ ಪೊರೆ ಕಟ್ಟುತ್ತೆ, ಮೇಲೆ ಇಬ್ಬನಿ. ಇಬ್ರೂ ಸೇರಿ ಒರೆಸಿ ಒರೆಸಿ ಹೊರಡಿಸಿದ್ವಿ."

"ದಿನಾ ಹೀಗೇನಾ?"

"ಸೊನ್ ಮೇಡಂ ಹೇಳಿದ್ರು, ಜೂನ್‌ನಲ್ಲಿ ಹೀಗೇ ಕಾಟ ಇತ್ತಂತೆ. ಜುಲೈಯಿಂದ ಒಂದು ದಿನಾನೂ ನಿಂತಿಲ್ಲ. ಆಕ್ಸಿಡೆಂಟ್ ಆದ್ಮೇಲೆ ಮತ್ತೆ ಶುರುವಾಗಿದೆಯಂತೆ."

ನಾಮ್‌ಗುಂಗ್ ಹೀ ಚಮಚ ಕೆಳಗಿಟ್ಟಳು.

"ಜುಲೈನಲ್ಲಿ ರಿಪೇರಿ ಮಾಡ್ಸಿದ್ರಾ?"

"ಇಲ್ಲ. ತಾನಾಗೇ ಸರಿಹೋಯ್ತಂತೆ."

"ಕಣ್ಣಿಗೆ ಪೊರೆ ಬಂದವರಿಗೆ ನಾಲ್ಕು ತಿಂಗಳು ತಾನಾಗೇ ಕಾಣಿಸತ್ತಾ? ಊಟ ಮುಗಿಸು. ಕಂಬ ನೋಡೋಣ."

ಬೆಳಿಗ್ಗೆ ಹನ್ನೊಂದಕ್ಕೆ ಪಂಚನಾಮೆ ನಡೆಯಿತು. ಪಂಚರಾಗಿ ಸೊನ್ ಯುರಿಮ್ ಮತ್ತು ಕಾರ್ಯದರ್ಶಿ ಬಾಂಗ್ ಇನ್‌ಹೊ. ಬಾಂಗ್ ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ಬಂದರಿನ ಕೂಲಿಗಳು ತೊಡುವ, ಬೆಳಕು ಬಿದ್ದರೆ ಹೊಳೆಯುವ ಪಟ್ಟಿಗಳ ಮೇಲಂಗಿಗಳನ್ನು ಹೊಲಿಯುವ ಸಣ್ಣ ಕಾರ್ಖಾನೆಯಲ್ಲಿ ಕೆಲಸ. ಪೊಲೀಸರಿಗೆ ಕಾಫಿ ತಂದುಕೊಟ್ಟ, ಕೂರಲು ಮಣೆ ಹಾಕಿದ.

ಭೂತಗನ್ನಡಿ ಹಿಡಿದಾಗ ಕಂಬದ ಕಣ್ಣಿನ ಸುತ್ತ, ಬೆರಳಗಲದ ದೂರದಲ್ಲಿ, ಎರಡು ಕಡೆ ಅಂಟಿನ ಗುರುತು ಕಂಡಿತು. ಉಳಿದೆಡೆ ಉಪ್ಪು, ಧೂಳು, ತುಕ್ಕು. ಅಂಟಿದ್ದ ಕಡೆ ಬಣ್ಣ ಹೊಸದರಂತೆ ಉಳಿದಿತ್ತು. ಮತ್ತೆ ಕರೆಸಿದ್ದ ಮೆಕ್ಯಾನಿಕ್ ಬಗ್ಗಿ ಎರಡೂ ಗುರುತುಗಳ ನಡುವೆ ಬೆರಳಿಟ್ಟು ನೋಡಿದ. ಆಮೇಲೆ ಹೇಳಿದ.

"ಇಲ್ಲಿ ಅಡ್ಡಲಾಗಿ ಒಂದು ಹೊಳೆಯೋ ಪಟ್ಟಿ ಅಂಟಿಸಿದ್ರೆ ಬೆಳಕು ಅಲ್ಲಿಂದ್ಲೇ ವಾಪಸ್ ಬಂದ್ಬಿಡತ್ತೆ ಮೇಡಂ. ಒಳಗೆ ಆನೆ ನಿಂತಿದ್ರೂ ಮಿಷನ್‌ಗೆ ಗೊತ್ತಾಗಲ್ಲ."

"ಕಿತ್ತರೆ?"

"ಮತ್ತೆ ಮಾಮೂಲು."

ಅಂಟನ್ನು ಕೆರೆದು ಲಕೋಟೆಗೆ ಹಾಕಿ ಮೊಹರು ಮಾಡಿದರು. ಬಾಂಗ್ ಸಹಿ ಹಾಕಿ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದ.

ಇನ್ಸ್‌ಪೆಕ್ಟರ್ ಸೊನ್‌ಳನ್ನು ಒಬ್ಬಳನ್ನೇ ಮತ್ತೆ ಠಾಣೆಗೆ ಕರೆಸಿದಳು.

"ಅವತ್ತು ಕೂಗು ಕೇಳಿದ್ಮೇಲೆ ನೀವೇನ್ ಮಾಡಿದ್ರಿ?"

"ಕೆಂಪು ಗುಂಡಿ ಒತ್ತಿದೆ. ಎಡಗಡೆ ಗೋಡೇಲಿರೋದು. ಮಿಷನ್ ನಿಂತ್ಕೊಂತು. ಆಂಬುಲೆನ್ಸ್‌ಗೆ ಫೋನ್ ಮಾಡ್ದೆ."

"ಮೊದ್ಲು ಓಡಿ ಬಂದೋರು ಯಾರು?"

"ಬಾಂಗ್ ಅಣ್ಣ. ಹೆಂಡ್ತೀನ ಆಸ್ಪತ್ರೆಗೆ ಬಿಟ್ಟು ವಾಪಸ್ ಬಂದಿದ್ರು."

"ಬಂದೋರು ಉನ್‌ಸಿಲ್ ಹತ್ರ ಹೋದ್ರಾ?"

ಸೊನ್ ಕಣ್ಣು ಮುಚ್ಚಿ ನೆನಪಿಸಿಕೊಂಡಳು. "ಇಲ್ಲ. ಮೊದ್ಲು ಕಂಬದ ಹತ್ರ ಬಗ್ಗಿದ್ರು. ಕರೆಂಟ್ ತೆಗೀತಿದಾರೆ ಅನ್ಕೊಂಡೆ."

"ಕರೆಂಟ್ ಪೆಟ್ಟಿಗೆ ಎಲ್ಲಿದೆ?"

"ಎಡಗಡೆ." ಆಕೆಯ ಧ್ವನಿ ಇಳಿಯಿತು. "ಅವರು ಬಲಗಡೆ ಹೋದ್ರು."

ಅನುಮಾನ ಒಬ್ಬನ ಮೇಲೆ ನಿಂತಿತು, ಆದರೆ ಅನುಮಾನ ಪುರಾವೆಯಲ್ಲ. ಡಿಸೆಂಬರ್ 29ಕ್ಕೆ ಪ್ರಯೋಗಾಲಯದ ವರದಿ ಬಂತು. ಹೊಳೆಯುವ ಪಟ್ಟಿಗಳ ಹಿಂಬದಿಗೆ ಬಳಿಯುವ ಅಂಟು ನಿಜ, ಆದರೆ ಊರಿನ ಯಾವ ಅಂಗಡಿಯಲ್ಲೂ ಸಿಗುವಂಥದು. ಸರ್ಕಾರಿ ವಕೀಲರು ಇಷ್ಟಕ್ಕೆ ವಾರಂಟ್ ಕೊಡಿಸಲಾಗದು ಎಂದರು.

ಆ ಸಂಜೆ ಉನ್‌ಸಿಲ್ ಫೋನ್ ಮಾಡಿದಳು.

"ಹತ್ತನೇ ತಾರೀಕು ಹತ್ರ ಬರ್ತಿದೆ ಮೇಡಂ. ವಿಮೆಯವರು ಮತ್ತೆ ಕೇಳಿದ್ರು. ಏನಂತ ಹೇಳ್ಲಿ?"

"ಪಟ್ಟಿ ಅಂಟಿಸಿದ್ದರ ಗುರುತು ಸಿಕ್ಕಿದೆ. ಆದ್ರೆ ಅದು ಅವತ್ತೂ ಅಲ್ಲೇ ಇತ್ತು ಅನ್ನೋಕೆ ಯಾರಾದ್ರೂ ಬಾಯಿ ಬಿಡ್ಬೇಕು."

"ನಮ್ ಕಟ್ಟಡದವರೇ ಅಂತೀರಾ? ನೋಡಿ, ಆಸ್ಪತ್ರೆಗೆ ಆಗಾಗ ಬಂದಿದ್ದು ಬಾಂಗ್ ಅಣ್ಣ ಒಬ್ರೇ. ಚಿಪ್ಪುಮೀನಿನ ಗಂಜಿ ಮಾಡಿಸ್ಕೊಂಡು ಬರ್ತಿದ್ರು. ಅವ್ರನ್ನ ಕೇಳಿ, ಕಾರ್ಯದರ್ಶಿ ಅಲ್ವಾ, ಎಲ್ಲಾ ಗೊತ್ತಿರತ್ತೆ."

ನಾಮ್‌ಗುಂಗ್ ಹೀ ಹೂಂ ಎಂದಷ್ಟೇ ಹೇಳಿ ಫೋನ್ ಇಟ್ಟಳು. ಬಾಂಗ್ ಅಲ್ಲದೇ ಹೋದರೆ ಒಬ್ಬ ಒಳ್ಳೆಯವನ ಮೇಲೆ ಕಣ್ಣಿಟ್ಟ ಹಾಗೆ. ಅವನೇ ಆಗಿದ್ದರೆ ಉನ್‌ಸಿಲ್‌ಗೆ ಹೇಳುವುದು ಹೇಗೆ ಎಂಬುದು ಆಕೆಗೆ ತಿಳಿಯಲಿಲ್ಲ.

ಜನವರಿ 2ರ ಮಂಗಳವಾರ ರಾತ್ರಿ ಸೊನ್ ತಾನಾಗಿಯೇ ಠಾಣೆಗೆ ಬಂದಳು. ಬೆಳಿಗ್ಗೆ ಯಂತ್ರ ಮುಕ್ಕಾಲು ಗಂಟೆ ನಿಂತುಬಿಟ್ಟಿತ್ತಂತೆ. ಬಾಂಗ್‌ನ ಹೆಂಡತಿ ಹಾಮ್ ದೊಕ್‌ಸುನ್ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಸರದಿ ತಪ್ಪಿ, ಡಯಾಲಿಸಿಸ್ ಅರ್ಧಕ್ಕೇ ಮುಗಿಸಿ ಕಳಿಸಿದರಂತೆ. ಸಂಜೆ ಕಾಲು ಮುಖ ಊದಿಕೊಂಡು ಏದುಸಿರು ಬಿಡುತ್ತಿದ್ದಳಂತೆ.

"ಮುಂದಿನ ಸರದಿ ಯಾವತ್ತು?"

"ಗುರುವಾರ."

ಗುರುವಾರ ಬೆಳಗಿನ ಜಾವ ಐದೂ ಮುಕ್ಕಾಲಿಗೆ ಇನ್ಸ್‌ಪೆಕ್ಟರ್ ಮತ್ತು ಬ್ಯೊನ್ ಎದುರಿನ ಓಣಿಯಲ್ಲಿ ದೀಪ ಆರಿಸಿದ ಕಾರಿನಲ್ಲಿ ಕೂತಿದ್ದರು. ಬಾಂಗ್ ಗಾಲಿಕುರ್ಚಿ ತಳ್ಳಿಕೊಂಡು ಬಂದ. ಹೆಂಡತಿಯ ಮೇಲೆ ಎರಡು ಕಂಬಳಿ. ಗುಂಡಿ ಒತ್ತಿದ. ಯಂತ್ರ ಕಿರ್ ಎಂದು ನಿಂತಿತು. ಸೆನ್ಸರ್ ಕಣ್ಣನ್ನು ತೋಳಿನಿಂದ ಒರೆಸಿ ಮತ್ತೆ ಒತ್ತಿದ. ನಿಂತಿತು. ಮತ್ತೆ ಒರೆಸಿದ.

"ಹೊತ್ತಾಯ್ತಾ?" ಎಂದು ಹೆಂಡತಿ ಕೇಳಿದ್ದು ಓಣಿಗೂ ಕೇಳಿಸಿತು.

"ಇಲ್ಲ ಕಣೆ. ಬಂತು, ಬಂತು."

"ಅಂಟಿಸ್ದೇ ಇದ್ರೆ ಸಾಕು," ಎಂದು ಇನ್ಸ್‌ಪೆಕ್ಟರ್ ಮೆಲ್ಲಗೆ ಅಂದಳು. ಬ್ಯೊನ್ ತಿರುಗಿ ನೋಡಿದ. ಇಷ್ಟು ದಿನ ಕಾದದ್ದು ಇದಕ್ಕೇ ಅಲ್ಲವೇ ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ.

ಬಾಂಗ್ ಒಳಗೆ ಹೋಗಿ ಒಂದೊಂದು ಕಾರಿನ ಹಿಂದೆಯೂ ಬಗ್ಗಿ ನೋಡಿ ಬಂದ. ಆಮೇಲೆ ಅಂಗಿಯ ಒಳಜೇಬಿನಿಂದ ಏನೋ ತೆಗೆದು ಕಂಬದ ಹತ್ತಿರ ಕುಕ್ಕರಗಾಲಲ್ಲಿ ಕೂತ. ಎದ್ದು ಗುಂಡಿ ಒತ್ತಿದಾಗ ತಟ್ಟೆಗಳು ಸರಾಗವಾಗಿ ಸರಿದವು.

ಬ್ಯೊನ್ ಓಡಿಹೋಗಿ ಕೆಂಪು ಗುಂಡಿ ಒತ್ತಿದ. ಇನ್ಸ್‌ಪೆಕ್ಟರ್ ಹಿಂದೆಯೇ ಬಂದಳು.

"ಬಾಂಗ್ ಇನ್‌ಹೊ ಅವ್ರೇ, ಕೈ ತೋರಿಸಿ."

ಅವನು ತೋರಿಸಿದ. ಬೆರಳಿಗೆ ಪಟ್ಟಿಯ ಹಿಂಬದಿಯ ಕಾಗದ ಇನ್ನೂ ಅಂಟಿಕೊಂಡಿತ್ತು.

"ಮೇಡಂ," ಎಂದ, "ಇವಳಿಗೆ ಆರೂವರೆಗೆ."

"ಗೊತ್ತು." ಆಕೆ ಬ್ಯೊನ್ ಕಡೆ ತಿರುಗಿದಳು. "ನಮ್ ಕಾರಲ್ಲಿ ಅಮ್ಮನ್ನ ಆಸ್ಪತ್ರೆಗೆ ಬಿಟ್ಟು ಬಾ. ಮುಗಿಯೋವರೆಗೂ ಅಲ್ಲೇ ಇರು."

ಹಾಮ್ ದೊಕ್‌ಸುನ್ ಗಂಡನ ಮುಖ, ಕಂಬ, ಪೊಲೀಸರು ಮೂರನ್ನೂ ನೋಡಿದಳು. "ನೀವಾ?" ಎಂದಷ್ಟೇ ಕೇಳಿದಳು. ಕಾರು ಇಳಿಜಾರು ಇಳಿದು ಮರೆಯಾದ ಮೇಲೆ ಆರೂ ಕಾಲಿಗೆ ಬಂಧನವಾಯಿತು.

ಸುದ್ದಿ ಹೇಳಲು ಇನ್ಸ್‌ಪೆಕ್ಟರ್ ತಾನೇ ಉನ್‌ಸಿಲ್ ಬಳಿಗೆ ಹೋದಳು.

"ಹಾಗಾದ್ರೆ ನಾನು ನುಗ್ಗಿಲ್ಲ."

"ಇಲ್ಲ. ನೀವು ಮೊದಲೇ ಒಳಗಿದ್ರಿ."

"ಅವ್ರಿಗೆ ಗೊತ್ತಿತ್ತು. ನನ್ ಮಂಚದ ಪಕ್ಕ ಕೂತು, ಓಡೋ ಮಿಷನ್‌ಗೆ ನುಗ್ಗಿದೆ ಅಂತಾರಲ್ಲ ಅಣ್ಣ ಅಂತ ನಾನು ಅಳ್ತಿದ್ರೆ ಬೆನ್ನು ಸವರಿದ್ರು." ಆಕೆ ಊರುಗೋಲು ಹತ್ತಿರಕ್ಕೆ ಎಳೆದುಕೊಂಡಳು. "ಕ್ಷಮಿಸ್ತೀನಿ ಅಂತ ನನ್ ಕೈಲಿ ಬರೆಸ್ಕೋಬೇಡಿ ಮೇಡಂ. ಇವತ್ತಂತೂ ಬೇಡ."

ತನಿಖೆಯ ವರದಿಯನ್ನು ಜನವರಿ 8ರಂದು ವಿಮಾ ಕಂಪನಿಗೆ ಕಳಿಸಲಾಯಿತು. ಗಾಯಾಳುವಿನ ತಪ್ಪು ಎಂಬ ಮಾತನ್ನು ಕಂಪನಿ ಹಿಂತೆಗೆದುಕೊಂಡು, ಚಿಕಿತ್ಸೆಯ ಖರ್ಚನ್ನೂ ಕೆಲಸವಿಲ್ಲದ ದಿನಗಳ ನಷ್ಟವನ್ನೂ ಭರಿಸಲು ಒಪ್ಪಿತು. ಕಾಲು ಮೊದಲಿನಂತೆ ಆಗದಿದ್ದರೆ ಕೊಡಬೇಕಾದ ಪರಿಹಾರದ ವಿಷಯ ನ್ಯಾಯಾಲಯದ ಮುಂದಿದೆ.

ಬಾಂಗ್ ಇನ್‌ಹೊ ಏನನ್ನೂ ಮುಚ್ಚಿಡಲಿಲ್ಲ. ಜುಲೈನಲ್ಲಿ ಯಂತ್ರ ನಿಂತು ಹೆಂಡತಿ ಮೂರನೇ ಸಲ ಸರದಿ ತಪ್ಪಿಸಿಕೊಂಡಾಗ, ಕಾರ್ಖಾನೆಯಲ್ಲಿ ಬಿದ್ದಿದ್ದ ಹೊಳೆಯುವ ಪಟ್ಟಿಯ ತುಂಡನ್ನು ಜೇಬಿಗೆ ಹಾಕಿಕೊಂಡು ಬಂದಿದ್ದ. ಆ ಏರುದಾರಿಗೆ ಬೆಳಗಿನ ಜಾವ ಗಾಲಿಕುರ್ಚಿ ಹತ್ತಿಸಿಕೊಳ್ಳುವ ಟ್ಯಾಕ್ಸಿ ಬರುತ್ತಿರಲಿಲ್ಲ. ಕಂಪನಿಗೆ ಹೇಳಿದರೆ ಅವರು ಬರುವುದು ಎರಡು ದಿನದ ಮೇಲೆ. ಒಂದು ವಾರದ ಮಟ್ಟಿಗೆ ಎಂದುಕೊಂಡು ಅಂಟಿಸಿದ್ದ. ಯಂತ್ರ ನಿಲ್ಲುವುದು ತಪ್ಪಿತು, ಕಟ್ಟಡದವರೆಲ್ಲ ಕಾರ್ಯದರ್ಶಿಯನ್ನು ಹೊಗಳಿದರು, ಅವನು ಕೀಳಲಿಲ್ಲ. ತಾನು ಒಳಗಾದರೆ ವಾರಕ್ಕೆ ಮೂರು ಸಲ ಅವಳನ್ನು ಹೊತ್ತು ಕಾರಿಗೆ ಕೂರಿಸುವವರು ಯಾರು ಎಂಬ ಒಂದೇ ದಿಗಿಲು ಎರಡು ತಿಂಗಳು ಅವನ ಬಾಯಿ ಕಟ್ಟಿತ್ತು.

ಹೇಳಿಕೆಯನ್ನು ಓದಿ ಹೇಳಿ, ಸಹಿಗೆ ಮುಂಚೆ ಇನ್ಸ್‌ಪೆಕ್ಟರ್ ಕೇಳಿದಳು:

"ಇನ್ನೇನಾದ್ರೂ ಸೇರಿಸೋದಿದೆಯಾ?"

ಬಾಂಗ್ ಪೆನ್ನು ಕೆಳಗಿಟ್ಟ.

"ನಾನು ಓಡಿ ಬಂದಾಗ ಅವ್ಳಿಗೆ ಪ್ರಜ್ಞೆ ಇತ್ತು ಮೇಡಂ. ನನ್ನನ್ನ ನೋಡಿ, ಅಣ್ಣಾ, ಕೈ ಹಿಡ್ಕೋ ಅಂದ್ಳು. ನಾನು ಕೈ ಹಿಡೀಲಿಲ್ಲ, ಪಟ್ಟಿ ಕೀಳೋಕೆ ಹೋದೆ. ವಾಪಸ್ ಬರೋಷ್ಟರಲ್ಲಿ ಅವಳ ಕಣ್ಣು ಮುಚ್ಚಿತ್ತು. ಅವ್ಳಿಗೆ ಇದು ನೆನಪಿಲ್ಲ." ಪೆನ್ನು ಎತ್ತಿಕೊಂಡ. "ಆದ್ರೂ ಬರ್ಕೊಳ್ಳಿ."

ನಾಮ್‌ಗುಂಗ್ ಹೀ ಬರೆದುಕೊಂಡಳು.